ಗೀಸರ್ ಪಾಯಿಂಟಿಂದಲೇ ಬಾಡಿ ಡ್ರೈಯರ್ ಓಡಿಸಬಹುದಾ?

ಪ್ರಶ್ನೆ: ನಮ್ಮ ಅಮ್ಮನಿಗೆ ಮಂಡಿನೋವು, ಬಗ್ಗಕ್ಕಾಗಲ್ಲ, ಭುಜಾನೂ ಮೇಲೆ ಏಳಲ್ಲ. ಸ್ನಾನ ಹೇಗೋ ಮಾಡ್ಕೋತಾರೆ, ಬೆನ್ನು ಕಾಲು ಒರೆಸ್ಕೊಳ್ಳೋದೇ ಕಷ್ಟ, ನಾನು ಒಳಗೆ ಬರ್ತೀನಿ ಅಂದ್ರೆ ಬೇಡ ಅಂತಾರೆ. ಅದಕ್ಕೆ ಗೋಡೆಗೆ ಹಾಕೋ, ಬಿಸಿ ಗಾಳಿ ಊದಿ ಮೈ ಒಣಗಿಸೋ 2000 ವಾಟ್ ಬಾಡಿ ಡ್ರೈಯರ್ ತರೋಣ ಅಂತಿದೀವಿ. ಎಲೆಕ್ಟ್ರಿಷಿಯನ್ನು ಗೀಸರ್ ಪಾಯಿಂಟಿಂದಲೇ ಲೈನ್ ಎಳೀತೀನಿ, ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಇದೆಯಲ್ಲ ಏನೂ ಆಗಲ್ಲ ಅಂತಾರೆ. ಹಾಕಿಸ್ಲಾ?

ಉತ್ತರ: ಡ್ರೈಯರ್ ಖಂಡಿತ ಹಾಕಿಸಿ. ನಿಮ್ಮ ಅಮ್ಮನಂಥವರಿಗೇ ಅದು ನಿಜವಾಗ್ಲೂ ಉಪಯೋಗ, ಬೇರೆಯವರ ಕೈ ಕಾಯದೆ ಮೈ ಒಣಗಿಸ್ಕೊಂಡು ಬಟ್ಟೆ ಹಾಕ್ಕೊಂಡು ಆಚೆ ಬರ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ. ಆದ್ರೆ ಗೀಸರ್ ಪಾಯಿಂಟಿಂದ ಬೇಡ.

ಲೆಕ್ಕ ನೋಡಿ. 230 ವೋಲ್ಟಲ್ಲಿ 2000 ವಾಟ್ ಅಂದ್ರೆ ಹತ್ತಿರತ್ತಿರ 9 ಆಂಪ್, 3000 ವಾಟಿನ ಗೀಸರ್ ಇದ್ರೆ ಅದು 13 ಆಂಪ್, ಎರಡೂ ಒಟ್ಟಿಗೆ ಓಡಿದ್ರೆ 22 ಆಂಪ್, ಆ ಪಾಯಿಂಟ್ ಇರೋದು ಸಾಮಾನ್ಯವಾಗಿ 16 ಆಂಪಿಗೆ. ಎಂಸಿಬಿ ಬೀಳುತ್ತೆ ಬಿಡಿ ಅನ್ಕೋಬೇಡಿ, ಇಷ್ಟು ಓವರ್‌ಲೋಡಿಗೆ ಅದು ತಕ್ಷಣ ಬೀಳಲ್ಲ, ಎಷ್ಟೋ ನಿಮಿಷ ಹಿಡಿಯುತ್ತೆ, ಅಷ್ಟರಲ್ಲಿ ಸಾಕೆಟ್ಟಿನೊಳಗೆ ಯಾವ ಸ್ಕ್ರೂ ಸಡಿಲ ಇರುತ್ತೋ ಅಲ್ಲಿ ಕಾಯೋಕೆ ಶುರು. ಗೀಸರ್ ಪ್ಲಗ್ ಒಂದ್ಸಲ ಕಿತ್ತು ನೋಡಿ, ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದ್ರೆ, ಸಾಕೆಟ್ ತೂತಿನ ಸುತ್ತ ಪ್ಲಾಸ್ಟಿಕ್ ಹಳದಿಯಾಗಿ ಉಬ್ಬಿದ್ರೆ, ಈಗಿರೋ ಲೋಡೇ ಅದಕ್ಕೆ ತಡೀತಿಲ್ಲ ಅಂತ ಅರ್ಥ. ಹಾಗಾಗಿ ಡ್ರೈಯರಿಗೆ ಮೇನ್ ಬೋರ್ಡಿಂದ ಬೇರೆ ಲೈನೇ ಎಳೆಸಿ, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದರದ್ದೇ ಎಂಸಿಬಿ, ಸ್ವಿಚ್ಚು ಬಾತ್‌ರೂಮಿನ ಹೊರಗೆ, ಅದೂ ಫೇಸು ನ್ಯೂಟ್ರಲ್ ಎರಡನ್ನೂ ಕಟ್ ಮಾಡೋ ಡಬಲ್ ಪೋಲ್ ಸ್ವಿಚ್ಚು.

ಇನ್ನು "ಎಂಸಿಬಿ ಇದೆಯಲ್ಲ" ಅನ್ನೋ ಮಾತು. ಇದನ್ನ ಕೇಳಿದಾಗೆಲ್ಲ ನನಗೆ ಭಯ ಆಗುತ್ತೆ. ಎಂಸಿಬಿ ಇರೋದು ವೈರ್ ಸುಡದೇ ಇರ್ಲಿ ಅಂತ, ಮನುಷ್ಯನನ್ನ ಶಾಕಿಂದ ಕಾಪಾಡೋಕಲ್ಲ. ನಮ್ಮ ಮೈಯಲ್ಲಿ 30 ಮಿಲಿಆಂಪ್, ಅಂದ್ರೆ 0.03 ಆಂಪ್ ಹರಿದು ಹಾಗೇ ನಿಂತ್ರೂ ಜೀವಕ್ಕೆ ಅಪಾಯ, 16 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಬರಲ್ಲ, ಮನುಷ್ಯ ಒದ್ದಾಡ್ತಿದ್ರೂ ಅದು ಆರಾಮಾಗಿ ಆನ್ ಆಗೇ ಇರುತ್ತೆ. ಅದರ ಮೇಲೆ ಸ್ನಾನ ಮಾಡಿ ನಿಂತವರ ಚರ್ಮ ಪೂರ್ತಿ ಒದ್ದೆ, ಕಾಲಡಿ ನೀರು, ಪಕ್ಕದಲ್ಲಿ ಸ್ಟೀಲ್ ನಲ್ಲಿ, ಕರೆಂಟಿಗೆ ಇದಕ್ಕಿಂತ ಸುಲಭದ ದಾರಿ ಬೇಕಾ? ಇಲ್ಲಿ ಬೇಕಿರೋದು 30 ಮಿಲಿಆಂಪ್‌ನ ಆರ್‌ಸಿಸಿಬಿ. ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲಲ್ಲಿ ವಾಪಸ್ ಬರ್ತಿದೆಯಾ ಅಂತ ಅದು ಅಳೀತಾನೇ ಇರುತ್ತೆ, ಎಲ್ಲೋ ಲೀಕ್ ಆಗಿ ಕಮ್ಮಿ ಬಂತು ಅಂದ್ರೆ ಕ್ಷಣದಲ್ಲಿ ಲೈನ್ ಕಟ್. ಆದ್ರೆ ಓವರ್‌ಲೋಡ್ ಅದಕ್ಕೆ ಗೊತ್ತಾಗಲ್ಲ, ಅದಕ್ಕೇ ಎರಡೂ ಬೇಕು. ಅರ್ಥಿಂಗ್ ಸರಿಯಿದೆಯಾ ಅಂತ ಮೀಟರ್ ಹಾಕಿಸಿ ನೋಡಿಸಿ, ಮೂರು ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇರುತ್ತೆ ಅಂತೇನಿಲ್ಲ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತಲ್ಲ, ತಿಂಗಳಿಗೊಂದ್ಸಲ ಒತ್ತಿ, ಬೀಳ್ಲಿಲ್ಲ ಅಂದ್ರೆ ಬದಲಾಯಿಸೋವರೆಗೂ ಡ್ರೈಯರ್ ಮುಟ್ಟಬೇಡಿ. ಇಷ್ಟು ಮಾಡಿಸೋಕೆ ಆಗಲ್ಲ ಅನ್ನೋದಾದ್ರೆ ಡ್ರೈಯರ್ ಸದ್ಯಕ್ಕೆ ಮುಂದಕ್ಕೆ ಹಾಕಿ, ದಯವಿಟ್ಟು.

ಜಾಗದ ವಿಷ್ಯ. ಟಬ್ ಇಲ್ಲದ ಬಾತ್‌ರೂಮಲ್ಲಿ ಶವರ್ ಬಾಯಿಂದ ಅಡ್ಡಕ್ಕೆ 1.2 ಮೀಟರ್, ನೆಲದಿಂದ ಎತ್ತರಕ್ಕೆ 2.25 ಮೀಟರ್, ಇಷ್ಟನ್ನ ಐಇಸಿ 60364 ಅನ್ನೋ ಅಂತರರಾಷ್ಟ್ರೀಯ ವೈರಿಂಗ್ ಸ್ಟ್ಯಾಂಡರ್ಡು ಹೆಚ್ಚು ಅಪಾಯದ ಜಾಗ ಅನ್ನುತ್ತೆ, ಆ ಗೆರೆಯಿಂದ ಆಚೆ ಇರೋ ಗೋಡೆ ಆರಿಸ್ಕೊಳ್ಳಿ. ಮೆಷಿನ್ ಮೇಲೆ ಐಪಿಎಕ್ಸ್4 ಅಥವಾ ಅದಕ್ಕಿಂತ ಜಾಸ್ತಿ ರೇಟಿಂಗ್ ಇರ್ಲಿ, 4 ಅಂದ್ರೆ ಯಾವ ಕಡೆಯಿಂದ ನೀರು ಸಿಡಿದ್ರೂ ತಡೆಯುತ್ತೆ, ಆದ್ರೆ ಹ್ಯಾಂಡ್ ಶವರಿಂದ ಅದಕ್ಕೇ ನೀರು ಬಿಟ್ಟು ತೊಳೆಯೋಕಲ್ಲ. ಟೈಲ್ಸ್ ಡ್ರಿಲ್ ಮಾಡೋಕೆ ಮುಂಚೆ ಹಿಂದೆ ಪೈಪ್ ಎಲ್ಲಿ ಹೋಗಿದೆ ನೋಡ್ಕೊಳ್ಳಿ.

ಅಮ್ಮನಿಗೆ ಹಿಡಿಯೋಕೆ ಒಂದು ಹಿಡಿಕೆ, ಕೂರೋಕೆ ಜಾರದ ಸ್ಟೂಲ್ ಹಾಕಿಕೊಡಿ, ಕೂತ್ಕೊಂಡೇ ಒಣಗಿಸ್ಕೊಳ್ಳಲಿ. ಕಾಲ್ಬೆರಳ ಸಂದಿಗೆ ಗಾಳಿ ಸರಿಯಾಗಿ ಹೋಗಲ್ಲ, ತೇವ ಉಳಿದ್ರೆ ಫಂಗಸ್ ಬರುತ್ತೆ, ಅದನ್ನ ಬಟ್ಟೆಯಲ್ಲೇ ಒರೆಸ್ಬೇಕು. ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಮ್ಮಿ ಇದ್ರೆ ಬಿಸಿ ಗಾಳಿ ಸುಡ್ತಿರೋದೇ ಗೊತ್ತಾಗಲ್ಲ, ಅಂಥವರಿಗೆ ಕಮ್ಮಿ ಹೀಟಲ್ಲೇ ಇಟ್ಟುಕೊಡಿ.

ಪ್ರಶ್ನೆ: ಹಾಕಿಸಿದ್ದಾಯ್ತು. ಬಿಸಿ ಗಾಳಿ ಅಂತಾರೆ, ನಿಂತ್ರೆ ಚಳಿ ಆಗುತ್ತೆ, ಎಷ್ಟೊತ್ತಾದ್ರೂ ಮೈ ಒದ್ದೆನೇ. ಮೆಷಿನ್ ಕೆಟ್ಟಿದೆಯಾ?

ಉತ್ತರ: ಮೆಷಿನ್ ಸರಿಯಾಗೇ ಇರಬಹುದು. ನೀರು ಆವಿ ಆಗೋಕೆ ಶಾಖ ಬೇಕು, ಅದರಲ್ಲಿ ಒಂದಷ್ಟನ್ನ ನಿಮ್ಮ ಮೈಯಿಂದಲೇ ಎಳ್ಕೊಳ್ಳುತ್ತೆ, ಚಳಿ ಅದಕ್ಕೇ. ಮೈಮೇಲೆ 100 ಎಂಎಲ್ ನೀರಿದೆ ಅನ್ಕೊಳ್ಳಿ, ಅದು ಆವಿ ಆಗೋಕೆ ಸುಮಾರು 240 ಕಿಲೋಜೂಲ್ ಬೇಕು, 2000 ವಾಟಿನ ಹೀಟರಿನ ಶಾಖವೆಲ್ಲ ನೀರಿಗೇ ಹೋದ್ರೂ 2 ನಿಮಿಷ ಆಯ್ತು, ನಿಜದಲ್ಲಿ ಅದರಲ್ಲಿ ಬಹುಪಾಲು ಸುಮ್ನೆ ಪಕ್ಕಕ್ಕೆ ಹೋಗುತ್ತೆ. ಹಾಗಾಗಿ ಮೊದಲು ಅಂಗೈಯಿಂದ ತೋಳು, ಹೊಟ್ಟೆ, ತೊಡೆ ಮೇಲಿಂದ ಕೆಳಗೆ ಗಟ್ಟಿಯಾಗಿ ಸವರಿ ನೀರು ಇಳಿಸಿಬಿಡಿ, ತಲೆಕೂದಲಿಗೆ ಟವೆಲ್ ಸುತ್ತಿ, ಇಲ್ಲಾಂದ್ರೆ ಬೆನ್ನು ಒಣಗಿದಷ್ಟೂ ಅದು ತೊಟ್ಟಿಕ್ಕುತ್ತಾನೇ ಇರುತ್ತೆ. ಇನ್ನೊಂದು, ಬಿಸಿನೀರಿನ ಹಬೆ ತುಂಬಿರೋ ರೂಮಲ್ಲಿ ಡ್ರೈಯರ್ ಅದೇ ತೇವದ ಗಾಳಿಯನ್ನ ಎಳೆದು ಮತ್ತೆ ನಿಮ್ಮ ಮೇಲೇ ಊದುತ್ತೆ. ಸ್ನಾನ ಮಾಡುವಾಗಲೇ ಎಕ್ಸಾಸ್ಟ್ ಫ್ಯಾನ್ ಹಾಕಿಡಿ, ಹಬೆ ಹೋದಮೇಲೆ ಡ್ರೈಯರ್ ಆನ್ ಮಾಡಿ, ವ್ಯತ್ಯಾಸ ಅವತ್ತೇ ಗೊತ್ತಾಗುತ್ತೆ. ಫಿಲ್ಟರ್ ಇದ್ರೆ ಅದನ್ನೂ ತೆಗೆದು ನೋಡಿ, ಧೂಳು ಕೂತ್ರೆ ಗಾಳಿ ಕಮ್ಮಿಯಾಗಿ ಒಳಗಿನ ಹೀಟರ್ ಜಾಸ್ತಿ ಕಾಯುತ್ತೆ.

ಪ್ರಶ್ನೆ: ಕರೆಂಟ್ ಬಿಲ್ ಎಷ್ಟು ಏರುತ್ತೆ? ಮನೆಯಲ್ಲಿ ನಾಲ್ಕು ಜನ.

ಉತ್ತರ: 2000 ವಾಟ್, ತಲಾ 5 ನಿಮಿಷ, ದಿನಕ್ಕೊಂದು ಸ್ನಾನ ಅಂದ್ರೆ ತಿಂಗಳಿಗೆ ಸುಮಾರು 20 ಯೂನಿಟ್. ಬಿಲ್ಲಿನ ಚಿಂತೆ ಇದ್ರೆ ಮೊದಲು ಗೀಸರನ್ನ ಗಂಟೆಗಟ್ಟಲೆ ಆನ್ ಇಡೋದು ನಿಲ್ಲಿಸಿ. ಇನ್ವರ್ಟರ್ ಲೈನಿಗೆ ಮಾತ್ರ ಡ್ರೈಯರ್ ಸೇರಿಸಬೇಡಿ, ಮನೆಗಳಲ್ಲಿರೋ ಸಾಮಾನ್ಯ ಇನ್ವರ್ಟರ್ ಈ ಲೋಡ್ ಎಳೆಯಲ್ಲ, ಕರೆಂಟ್ ಹೋದ ದಿನ ಟವೆಲ್ಲೇ ಸರಿ.