ಒಂದು ಬಾಳೆ ಕಂದಿಗೆ ಇಷ್ಟು ರಂಪ ಯಾಕೆ ಅಂದವನಿಗೆ

ಊರಿಗೆ ಬಂದು ಹೋದ ಮೇಲೆ ನೀನು ಕಳಿಸಿದ ಮೆಸೇಜ್ ನೋಡಿದೆ. ‘ಒಂದು ಬಾಳೆ ಕಂದು ಕೇಳಿದ್ದಕ್ಕೆ ಪಾಸ್‌ಪೋರ್ಟ್ ಆಫೀಸರ್ ಥರ ಆಡಿದೆಯಲ್ಲೋ. ನಿಮ್ಮ ಕಡೆ ಗಡಿ ಅನ್ನೋದೇ ಇಲ್ಲ, ಎಲ್ಲರೂ ಅರ್ಧ ತೆಲುಗು. ಗಿಡಕ್ಕೆ ಮಾತ್ರ ಏನು ರೂಲ್ಸು?’ ಕೊನೆಗೊಂದು ನಗುವ ಮುಖ ಬೇರೆ.

ಮೊದಲು ಆ ಅರ್ಧ ತೆಲುಗಿನ ಲೆಕ್ಕ ಮುಗಿಸಿಬಿಡುತ್ತೇನೆ. ಪರಶುರಾಂಪುರದ ಈ ಕಡೆ ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಎತ್ತಿಗೆ ಬೈಯುವಾಗ ಎರಡೂ. ಅಜ್ಜಿ ಆಂಧ್ರದ ಕಲ್ಯಾಣದುರ್ಗದ ಕಡೆಯವಳು. ತಂಗಿಯನ್ನು ಕೊಟ್ಟಿರುವುದೂ ಆ ಕಡೆಗೇ. ವೇದಾವತಿ ಹೊಳೆ ನಮ್ಮಲ್ಲಿ ಹರಿದು ಆಂಧ್ರಕ್ಕೆ ಹೋಗಿ ಭೈರವಾನಿತಿಪ್ಪ ಡ್ಯಾಮ್ ಸೇರುತ್ತದೆ. ಅದನ್ನು ಯಾರೂ ಅರ್ಧ ತೆಲುಗು ಅಂದಿದ್ದು ಕೇಳಿಲ್ಲ. ಓಟು, ರೇಷನ್ ಕಾರ್ಡು, ಕರೆಂಟು ಹೋಗುವ ಹೊತ್ತು ಎಲ್ಲವೂ ನಮಗೆ ಚಳ್ಳಕೆರೆ ತಾಲ್ಲೂಕಿನದೇ. ಇದನ್ನು ನಿನ್ನಂಥವರಿಗೆ ವರ್ಷಕ್ಕೆ ನಾಲ್ಕು ಸಲ ಹೇಳಬೇಕು.

ಇನ್ನು ಗಿಡಕ್ಕೆ ಬರೋಣ. ಗಡಿ ಇಲ್ಲ ಅಂದೆಯಲ್ಲ, ಆ ಮಾತು ನಿಜ. ತಲೆನೋವು ಇರುವುದೇ ಅಲ್ಲಿ.

2000ನೇ ಇಸವಿಯಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಕುಡಿ ಕಪ್ಪಾಗಿ, ಗಿಡಕ್ಕೆ ಗಿಡವೇ ಒಣಗಿಹೋಯಿತು. ಸುಮಾರು 2.25 ಲಕ್ಷ ಹೆಕ್ಟೇರ್, 300 ಕೋಟಿ ರೂಪಾಯಿಗೂ ಜಾಸ್ತಿ ನಷ್ಟ. ಮೊದಲು ಎಲ್ಲರೂ ಇದು ನಮಗೆ ಗೊತ್ತಿರುವ ಹಳೇ ಕುಡಿ ಸಾಯುವ ರೋಗವೇ ಅಂದುಕೊಂಡರು. ಪರೀಕ್ಷೆ ಮಾಡಿದರೆ ಬೇರೆಯದು, ಟೊಬ್ಯಾಕೊ ಸ್ಟ್ರೀಕ್ ವೈರಸ್. ಅದರ ಅಡ್ಡೆ ಬದುವಿನ ಮೇಲಿನ ಕಾಂಗ್ರೆಸ್ ಗಿಡ. ವೈರಸ್ ಒಳಗಿದ್ದರೂ ಆ ಗಿಡಕ್ಕೆ ಏನೂ ಆಗುವುದಿಲ್ಲ, ಹಸಿರಾಗಿ ನಿಂತು ಹೂ ಬಿಡುತ್ತದೆ. ಹೂವಿನ ಪುಡಿ ಗಾಳಿಗೆ ಹಾರಿ ಶೇಂಗಾ ಎಲೆ ಮೇಲೆ ಕೂರುತ್ತದೆ. ಥ್ರಿಪ್ಸ್ ಹುಳ ಎಲೆ ಕೆರೆದಾಗ ಆ ಗಾಯದಿಂದ ವೈರಸ್ ಒಳಗಿಳಿಯುತ್ತದೆ. ಶೇಂಗಾ ಬೀಜದಲ್ಲಿ ಇದು ದಾಟುವುದಿಲ್ಲ, ಹಾಗಾಗಿ ಬೀಜದ ಮೂಟೆ ತಡೆದರೂ ಪ್ರಯೋಜನವಿಲ್ಲ. ಹೂ ಬಿಡುವ ಮುಂಚೆ ಕಾಂಗ್ರೆಸ್ ಗಿಡ ಕೀಳಬೇಕು. ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ಬಿತ್ತಬೇಕು. ನಾವು ಕೀಳುತ್ತೇವೆ, ಆಚೆ ಬದುವಿನವರು ಕೀಳುವುದಿಲ್ಲ. ಅವರನ್ನು ಕೇಳಿದರೆ, ಕೀಳದೇ ಇರುವವರು ನೀವೇ ಅನ್ನುತ್ತಾರೆ.

ಆದರೆ ಗಾಳಿಯ ಮೇಲೆ ನನಗೆ ಸಿಟ್ಟಿಲ್ಲ. ಗಾಳಿ ನೆಂಟ ಅಲ್ಲವಲ್ಲ.

ಬಾಳೆಯದು ಬೇರೆ ಕತೆ. ಬೋರ್‌ವೆಲ್ ನಂಬಿಕೊಂಡು ನಾನು ಹಾಕಿರುವುದು ಅರ್ಧ ಎಕರೆ ಯಾಲಕ್ಕಿ ಬಾಳೆ. ಅದಕ್ಕೆ ಬರುವ ಕೆಟ್ಟ ರೋಗ ಬಂಚಿ ಟಾಪ್. ಬಂದ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ ಸೆಟೆದು, ತುದಿಯಲ್ಲಿ ಪೊರಕೆ ಕಟ್ಟಿದಂತೆ ಗುಂಪುಗೂಡುತ್ತವೆ. ಗೊನೆ ಆಸೆ ಬಿಡಬೇಕು. ಔಷಧಿ ಇಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಕಪ್ಪು ಗಿಡಹೇನು ದಾಟಿಸುತ್ತದೆ, ಆದರೆ ಅದು ಹೆಚ್ಚು ದೂರ ಹೋಗುವುದಿಲ್ಲ. ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಕರೆದುಕೊಂಡು ಹೋಗುವವರು ನಾವೇ, ಕಂದಿನ ಜೊತೆ. 1940ರ ಸುಮಾರಿಗೆ ಸಿಲೋನಿನಿಂದ ಕೇರಳಕ್ಕೆ ಬಂದದ್ದೂ ಹೀಗೇ ಅನ್ನುತ್ತಾರೆ. ಕೇರಳ, ತಮಿಳುನಾಡು ಸೇರಿದಂತೆ ಕೆಲವು ರಾಜ್ಯಗಳಿಂದ ಹಣ್ಣು ಬಿಟ್ಟು ಬಾಳೆ ಗಿಡ, ಕಂದು ಆಚೆ ಸಾಗಿಸಬಾರದು ಅಂತ 1959ರಲ್ಲೇ ಆದೇಶ ಆಗಿದೆ. ಅದಕ್ಕೆ ಆಧಾರ 1914ರ ಬ್ರಿಟಿಷರ ಕಾಲದ ಕಾಯ್ದೆ. ಕಾಯ್ದೆಗೇನೂ ಬರವಿಲ್ಲ. ವಿದೇಶದ ಗಿಡವಾದರೆ ವಿಮಾನ ನಿಲ್ದಾಣದಲ್ಲೇ ಕಾಗದಪತ್ರ ಕೇಳುತ್ತಾರೆ, ಕೆಲವನ್ನು ತಿಂಗಳುಗಟ್ಟಲೆ ಬೇರೆ ಕಡೆ ಬೆಳೆಸಿ ನೋಡಿ ಆಮೇಲೆ ಬಿಡುತ್ತಾರೆ. ನಮ್ಮ ರಸ್ತೆಯಲ್ಲಿ ತಡೆಯುವುದು ಮರಳು, ಹೆಂಡ, ರೇಷನ್ ಅಕ್ಕಿ. ಬೈಕಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದವನನ್ನು ‘ಏನದು?’ ಅನ್ನುತ್ತಾರೆ. ‘ಬಾಳೆ ಕಂದು ಸಾರ್.’ ‘ಹೋಗು.’ ಒಂದು ಸಲ ‘ನನಗೂ ಎರಡು ಕೊಟ್ಟು ಹೋಗು’ ಅಂದವರೂ ಇದ್ದಾರೆ.

ಆ ಗೋಣಿಚೀಲ ನಮ್ಮ ಭಾವನದು, ತಂಗಿಯ ಗಂಡನದು. ಪ್ರತಿ ವರ್ಷ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಅವನು ಬರುತ್ತಾನೆ. ಆಂಧ್ರದಿಂದ ಸಾವಿರಾರು ಜನ ಬರುತ್ತಾರೆ, ಅಮ್ಮನಿಗೆ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಭಾವ ಈರುಳ್ಳಿ ಅಲ್ಲಿ ತೂರಿ, ಕಂದು ಇಲ್ಲಿ ಇಳಿಸುತ್ತಾನೆ. ತಂಗಿಯ ಅತ್ತೆ ಒದ್ದೆ ಬಟ್ಟೆ ಸುತ್ತಿ, ಮೇಲೊಂದು ಅರಿಶಿನ ಕುಂಕುಮದ ಪೊಟ್ಟಣ ಇಟ್ಟು ಕಳಿಸಿರುತ್ತಾರೆ. ಅದನ್ನು ಹೇಗೆ ವಾಪಸ್ ಕಳಿಸುತ್ತೀಯ, ಹೇಳು? ನಾನು ಚೀಲ ಅಂಗಳದಾಚೆಯೇ ಇಡಿಸಿದರೆ ಅಮ್ಮನ ಮುಖ ಊದಿಕೊಳ್ಳುತ್ತದೆ. ‘ಮಗಳ ಮನೆಯಿಂದ ಬಂದಿದ್ದನ್ನ ಹೊಸ್ತಿಲಾಚೆ ಇಡ್ತಾರೇನೋ?’ ಭಾವ ನಗುತ್ತಾ, ‘ಏಂ ಬಾವಾ, ಮಾ ಅರಟಿಕಿ ಅಂಟುರೋಗಮಾ?’ ಅನ್ನುತ್ತಾನೆ. ನಮ್ಮ ಬಾಳೆಗೆ ಅಂಟುರೋಗವೇ ಅಂತ. ಅವನ ನಗುವಿನ ಕೆಳಗೆ ನೋವಿರುತ್ತದೆ. ಅದು ನನಗೆ ಗೊತ್ತು.

ಹೌದು ಅನ್ನಲಾಗುವುದಿಲ್ಲ. ಇಲ್ಲ ಅನ್ನಲೂ ಆಗುವುದಿಲ್ಲ. ಕಂದು ನೋಡಲು ಮಗುವಿನ ಕೆನ್ನೆಯ ಹಾಗೆ ಇರುತ್ತದೆ, ರೋಗ ಒಳಗಿದ್ದರೆ ಕಾಣುವುದು ತಿಂಗಳುಗಳಾದ ಮೇಲೆ. ಐದು ವರ್ಷದ ಹಿಂದೆ ಹೀಗೇ 30 ಕಂದು ನೆಟ್ಟೆ. ಭಾವನಿಗೆ ಅವು ಸಿಕ್ಕಿದ್ದು ತಮಿಳುನಾಡಿನಿಂದ ಬರುವ ಲಾರಿ ಡ್ರೈವರ್ ಒಬ್ಬನಿಂದ ಅನ್ನುವುದು ಆಮೇಲೆ ಬಾಯಿಬಿಟ್ಟ ವಿಷಯ. ಮೂರನೇ ತಿಂಗಳು ಒಂದು ಬೆಳಿಗ್ಗೆ ಎಲೆಯನ್ನು ಬಿಸಿಲಿಗೆ ಹಿಡಿದು ಕೆಳಗಿನಿಂದ ನೋಡಿದೆ. ನರದ ಮೇಲೆ ಕಡು ಹಸಿರು ಚುಕ್ಕೆ, ಗೆರೆ, ಮತ್ತೆ ಚುಕ್ಕೆ. ದರ್ಜಿ ಕಚ್ಚಾ ಹೊಲಿಗೆ ಹಾಕಿದ ಹಾಗೆ. ಎಲೆಯ ನಡುದಿಂಡಿನ ಹತ್ತಿರ ಬಂದು ಆ ಗೆರೆ ಕೊಕ್ಕೆಯಂತೆ ಬಾಗಿತ್ತು. ಎರಡೇ ಗಿಡ ಅಲ್ವಾ, ನೋಡೋಣ ಅಂತ ಸುಮ್ನಿದ್ದೆ. ಆ ‘ನೋಡೋಣ’ಕ್ಕೆ 19 ಗಿಡ ಹೋದವು.

ಕೀಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಹೇನು ಸಾಯಲು ಔಷಧಿ ಹೊಡೆಯಬೇಕು. ಇಲ್ಲದಿದ್ದರೆ ಗಿಡ ಬಿದ್ದ ಕೂಡಲೇ ಅವು ಪಕ್ಕದ ಗಿಡಕ್ಕೆ ಗುಳೆ ಹೋಗುತ್ತವೆ. ಆಮೇಲೆ ಗೆಡ್ಡೆ ಸಮೇತ ಅಗೆದು ಚೂರು ಮಾಡಬೇಕು. ತುಂಡು ಉಳಿದರೆ ಮತ್ತೆ ಚಿಗುರುತ್ತದೆ, ರೋಗದ ಜೊತೆಗೇ. ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲಿ ಇದೇ ರೋಗಕ್ಕೆ ಬಾಳೆ ತೋಟಗಳು ನೆಲಕಚ್ಚಿದ್ದವು. ತೋಟದಿಂದ ತೋಟಕ್ಕೆ ಹೋಗಿ ತಪಾಸಣೆ ಮಾಡಿ, ರೋಗದ ಗಿಡ ಕಿತ್ತು, ಕಂದು ಸಾಗಾಟಕ್ಕೆ ಕಡಿವಾಣ ಹಾಕಿ ಮತ್ತೆ ಎದ್ದರು. ಅಲ್ಲಿ ತಪಾಸಣೆಗೆ ಹೋದವನಿಗೆ ತೋಟದ ಯಜಮಾನ ಭಾವ ಆಗಿರಲಿಲ್ಲ ಅಂತ ಕಾಣುತ್ತೆ.

ನಿನಗೆ ಹೇಳದ ಒಂದು ವಿಷಯ ಇದೆ. ಆ ಎರಡು ಗಿಡ ಕಾಣುವ ಹದಿನೈದು ದಿನ ಮುಂಚೆ ನಮ್ಮ ಹಳೇ ಬಾಳೆಯ ಆರು ಕಂದು ಕಿತ್ತು ತಂಗಿಯ ಹಿತ್ತಲಿಗೆ ಕಳಿಸಿದ್ದೆ. ಹೊಸ 30ರ ಪಕ್ಕದಲ್ಲೇ ನಿಂತಿದ್ದವು ಅವು. ಆರರಲ್ಲಿ ನಾಲ್ಕಕ್ಕೆ ಪೊರಕೆ ತಲೆ ಬಂತು. ಅವರ ಬೀದಿಯಲ್ಲಿ ಈಗಲೂ ಅದನ್ನು ಕರ್ನಾಟಕ ರೋಗ ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಆಂಧ್ರ ರೋಗ. ತಂಗಿ ಏನೂ ಅನ್ನಲಿಲ್ಲ. ಫೋನಿನಲ್ಲಿ ‘ಕಿತ್ತಾಯ್ತಣ್ಣ’ ಅಂದಳು ಅಷ್ಟೇ.

ಅವತ್ತಿನಿಂದ ದನದ ಕೊಟ್ಟಿಗೆಯ ಹಿಂದೆ, ತೋಟದಿಂದ ದೂರ ಒಂದು ಜಾಗ ಮಾಡಿದ್ದೇನೆ. ಬಂದ ಕಂದು ಬೇಡ ಅನ್ನುವುದಿಲ್ಲ. ಬೇರು ತೊಳೆದು, ಸಿಪ್ಪೆ ಸಂದಿಯಲ್ಲಿ ಹೇನು ಹುಡುಕಿ, ಅಲ್ಲಿ ನೆಡುತ್ತೇನೆ. ಆರು ತಿಂಗಳು ವಾರಕ್ಕೊಮ್ಮೆ ಎಲೆ ಎತ್ತಿ ನೋಡುತ್ತೇನೆ. ಅಮ್ಮ ಅದಕ್ಕೆ ಕೊರೊನಾ ವಾರ್ಡು ಅಂತ ಹೆಸರಿಟ್ಟಿದ್ದಾಳೆ. ನೀನು ಬಂದಾಗ ‘ಇದೊಂದು ಕೊಡೋ, ಚೆನ್ನಾಗಿದೆ’ ಅಂತ ಕೈ ಹಾಕಿದ್ದು ಆ ವಾರ್ಡಿನ ಗಿಡಕ್ಕೆ.

ಬೆಂಗಳೂರಿನ ಮನೆ ಮುಂದೆ ಬಾಳೆ ಬೇಕೇ ಬೇಕು ಅಂದರೆ ವೈರಸ್ ಪರೀಕ್ಷೆ ಆದ, ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಗಿಡ ತಗೋ, ಸರ್ಟಿಫಿಕೇಟ್ ಕೇಳಿ ತಗೋ. ಮುಂದಿನ ವಾರ ಗೊನೆ ಕಡಿಯುತ್ತೇನೆ. ಎರಡು ಚಿಪ್ಪು ಬಸ್ಸಿಗೆ ಹಾಕಿ ಕಳಿಸುತ್ತೇನೆ, ಪೇಪರಿನಲ್ಲಿ ಸುತ್ತಿ. ಬಾಳೆ ಎಲೆಯಲ್ಲಿ ಸುತ್ತಿಲ್ಲ ಯಾಕೆ ಅಂತ ಮತ್ತೆ ಮೆಸೇಜ್ ಮಾಡಬೇಡ.