ಪ್ರತಿಕ್ರಿಯೆ: ಆಲ್ಫಾ-ಸಿನ್ಯೂಕ್ಲಿನ್ ಡಾಕಿಂಗ್‌ನಲ್ಲಿ ಪ್ರತಿ ಬಾರಿ ಬೇರೆ ಫಲಿತಾಂಶ
ಡಾಕಿಂಗ್ (ಔಷಧದ ಅಣು ಪ್ರೋಟೀನಿನ ಮೇಲೆ ಎಲ್ಲಿ ಕೂರಬಹುದೆಂದು ಕಂಪ್ಯೂಟರಿನಲ್ಲಿ ಊಹಿಸುವುದು) ನಡೆಸಿದಾಗ ಒಂದೇ ಅಣು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಮೇಲೆ ಪ್ರತಿ ಬಾರಿಯೂ ಬೇರೆ ಜಾಗದಲ್ಲಿ ಕೂರುವುದೇಕೆ ಎಂದು ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ನಿಮ್ಮ ಡಾಕಿಂಗ್ ತಂತ್ರಾಂಶವಲ್ಲ, ನೀವು ಆಧಾರವಾಗಿಟ್ಟುಕೊಂಡಿರುವ ಆಲ್ಫಾಫೋಲ್ಡ್ (ಪ್ರೋಟೀನಿನ ಆಕಾರವನ್ನು ಊಹಿಸುವ ಎಐ ತಂತ್ರಾಂಶ) ಮಾದರಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಗಟ್ಟುವ, 140 ಅಮೈನೋ ಆಮ್ಲಗಳ ಈ ಪ್ರೋಟೀನಿಗೆ ದ್ರಾವಣದಲ್ಲಿ ಸ್ಥಿರವಾದ ರಚನೆಯೇ ಇಲ್ಲ. ಮಾದರಿಯಲ್ಲಿ ಕಾಣುವ ಉದ್ದನೆಯ ಹೆಲಿಕ್ಸ್ (ಸುರುಳಿಯಾಕಾರದ ಭಾಗ), ಅದು ಕೋಶಪೊರೆಗೆ ಅಂಟಿಕೊಂಡಾಗ ತಾಳುವ ರೂಪವನ್ನು ಹೋಲುತ್ತದೆ. ಆದ್ದರಿಂದ ಆ ಭಾಗಕ್ಕೆ ಆಲ್ಫಾಫೋಲ್ಡ್ ಕೊಡುವ ವಿಶ್ವಾಸಾಂಕ ಹೆಚ್ಚಿದ್ದರೂ ಅದನ್ನು ಔಷಧ ಕೂರುವ ಗೂಡೆಂದು ಭಾವಿಸಬೇಡಿ.

ಮೊದಲು ಆ ಒಂಟಿ ಮಾದರಿಯನ್ನು ಕೈಬಿಟ್ಟು, ಪ್ರೋಟೀನ್ ಎನ್ಸೆಂಬಲ್ ಡೇಟಾಬೇಸ್‌ನಂಥ ಕಡೆಯಿಂದ ರೂಪಸಮೂಹವನ್ನು (ಪ್ರೋಟೀನ್ ತಾಳುವ ಹಲವು ಆಕಾರಗಳ ಗುಂಪನ್ನು) ಪಡೆಯಿರಿ, ಇಲ್ಲವೇ ಚಾರ್ಮ್36ಎಂನಂತಹ, ಇಂಥ ಅಸ್ತವ್ಯಸ್ತ ಪ್ರೋಟೀನುಗಳಿಗೂ ಹೊಂದಿಸಿದ ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲಗಳನ್ನು ಲೆಕ್ಕಹಾಕುವ ಸೂತ್ರಗಳ ಕಟ್ಟು) ಬಳಸಿ ಪ್ರೋಟೀನಿನ ಚಲನೆಯ ಸಿಮ್ಯುಲೇಶನ್ ನಡೆಸಿ. ಹಳೆಯ ಫೋರ್ಸ್ ಫೀಲ್ಡ್‌ಗಳು ಸರಪಳಿಯನ್ನು ಅತಿಯಾಗಿ ಮುದುರಿಸುತ್ತವೆ. ಬಳಿಕ ಡಾಕಿಂಗ್ ಅಂಕಗಳನ್ನು ಬದಿಗಿಟ್ಟು, ಇಡೀ ಸಮೂಹದಲ್ಲಿ ಅಣು ಯಾವ ಅಮೈನೋ ಆಮ್ಲದ ಬಳಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಲೆಕ್ಕಹಾಕಿ. ಹೋಲಿಕೆಗೆ ಫ್ಯಾಸುಡಿಲ್ ಎಂಬ ಔಷಧದ ಅಣುವನ್ನೂ ಸೇರಿಸಿ. ಅದು ಪ್ರೋಟೀನ್ ಸರಪಳಿಯ ಸಿ-ತುದಿಯಲ್ಲಿ (ಕೊನೆಯ ತುದಿಯಲ್ಲಿ) 133 ಮತ್ತು 136ನೆಯ ಅಮೈನೋ ಆಮ್ಲಗಳಾದ ಟೈರೋಸಿನ್‌ಗಳ ಸುತ್ತ ದುರ್ಬಲವಾಗಿ ಅಂಟುತ್ತದೆಂದು ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತಗಳನ್ನು ಅಳೆಯುವ ವಿಧಾನ) ತೋರಿಸಿದೆ. ನಿಮ್ಮ ವಿಧಾನ ಅದನ್ನೇ ಗುರುತಿಸದಿದ್ದರೆ ಹೊಸ ಅಣುವಿನ ಫಲಿತಾಂಶವನ್ನು ನಂಬಲಾಗದು.

ನಿಮ್ಮ ಅಣು ನಿಜಕ್ಕೂ ಅಂಟುತ್ತದೆಯೇ ಎಂಬುದನ್ನು ಲೆಕ್ಕಾಚಾರವೊಂದರಿಂದಲೇ ಹೇಳಲಾಗದು. ನೀವು ಬೆಂಗಳೂರಿನಲ್ಲೇ ಇರುವುದರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ನೈಟ್ರೋಜನ್-15 ಗುರುತಿನ ಪ್ರೋಟೀನಿನ ಎಚ್‌ಎಸ್‌ಕ್ಯೂಸಿ ರೋಹಿತವನ್ನು (ಬಹುತೇಕ ಪ್ರತಿ ಅಮೈನೋ ಆಮ್ಲಕ್ಕೂ ಒಂದೊಂದು ಗುರುತು ಕಾಣುವ ಎನ್‌ಎಂಆರ್ ನಕ್ಷೆಯನ್ನು) ಅಣುವಿನೊಂದಿಗೂ ಅಣುವಿಲ್ಲದೆಯೂ ತೆಗೆಸಿ. ಎರಡೂ ದ್ರಾವಣಗಳ ಪಿಎಚ್ ಮತ್ತು ಡಿಎಂಎಸ್‌ಒ (ಅಣುವನ್ನು ಕರಗಿಸಲು ಬಳಸುವ ದ್ರಾವಕ) ಪ್ರಮಾಣ ಒಂದೇ ಆಗಿರಲಿ.