ಓದುಗರ ಪ್ರಶ್ನೆಗಳು: ಬ್ರಿಟನ್ನಿನ ಆಕಾಶದಲ್ಲಿ ಪೋಲೆಂಡಿನ ಪೈಲಟ್‌ಗಳು

ಪ್ರಶ್ನೆ: 1939ರಲ್ಲಿ ಪೋಲೆಂಡ್ ಸುಮಾರು ಐದು ವಾರಗಳಲ್ಲಿ ಸೋತುಹೋಯಿತು. ಅದರ ವಿಮಾನಪಡೆ ಮೊದಲ ದಿನವೇ ನೆಲದ ಮೇಲೆ ನಾಶವಾಯಿತೆಂದು ಓದಿದ್ದೇನೆ. ಹಾಗಿದ್ದರೆ ಮರುವರ್ಷ ಬ್ರಿಟನ್ನಿನಲ್ಲಿ ಅದೇ ದೇಶದ ಪೈಲಟ್‌ಗಳು ಅಷ್ಟೊಂದು ಹೆಸರು ಮಾಡಿದ್ದು ಹೇಗೆ? ಜರ್ಮನರ ಮೇಲಿನ ದ್ವೇಷದಿಂದ ಪ್ರಾಣದ ಹಂಗು ತೊರೆದು ಹಾರಿದ್ದರಿಂದಲೇ? (ಧಾರವಾಡದ ಓದುಗರು)

ಉತ್ತರ: ಮೊದಲು ನೀವು ಓದಿರುವ ಮಾತನ್ನು ತಿದ್ದಬೇಕು. ಯುದ್ಧ ಆರಂಭವಾಗುವುದಕ್ಕೆ ಮುನ್ನವೇ ಪೋಲೆಂಡ್ ತನ್ನ ಯುದ್ಧವಿಮಾನಗಳನ್ನು ಮುಖ್ಯ ನೆಲೆಗಳಿಂದ ತೆಗೆದು, ಹಳ್ಳಿಗಾಡಿನ ಬಯಲುಗಳಲ್ಲಿ ಚದುರಿಸಿ ಇಟ್ಟಿತ್ತು. 1939ರ ಸೆಪ್ಟೆಂಬರ್ 1ರಂದು ಜರ್ಮನ್ ಬಾಂಬರ್‌ಗಳು ವಾರ್ಸಾದತ್ತ ಬಂದಾಗ ಪೋಲಿಷ್ ಫೈಟರ್‌ಗಳು ಮೇಲೇರಿ ಅವುಗಳನ್ನು ಎದುರಿಸಿದವು. ಕೊರತೆಯಿದ್ದದ್ದು ವಿಮಾನಗಳಲ್ಲಿ. ಅವರ ಬಳಿಯಿದ್ದ ಪಿ-11 ತೆರೆದ ಕಾಕ್‌ಪಿಟ್ಟಿನ, ಚಕ್ರಗಳು ಒಳಗೆ ಮಡಚಿಕೊಳ್ಳದ ಹಳೆಯ ಮಾದರಿಯಾಗಿದ್ದು, ಜರ್ಮನಿಯ ಕೆಲವು ಬಾಂಬರ್‌ಗಳಿಗಿಂತಲೂ ನಿಧಾನವಾಗಿ ಹಾರುತ್ತಿತ್ತು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆಯೂ ನುಗ್ಗಿದ ಮೇಲೆ ಪೈಲಟ್‌ಗಳು ರೊಮೇನಿಯಾ, ಹಂಗೇರಿಗಳ ಮೂಲಕ ತಪ್ಪಿಸಿಕೊಂಡು ಫ್ರಾನ್ಸಿಗೆ ಹೋದರು. 1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಾಗ ಅಲ್ಲಿಂದ ಬ್ರಿಟನ್ನಿಗೆ ಬಂದರು. ಅಂದರೆ ಬ್ರಿಟನ್ನಿಗೆ ಕಾಲಿಡುವ ಹೊತ್ತಿಗೆ ಅವರಲ್ಲಿ ಅನೇಕರು ಒಂದು ಯುದ್ಧವನ್ನು, ಕೆಲವರು ಎರಡು ಯುದ್ಧಗಳನ್ನು ಕಂಡಿದ್ದರು. ಅದೇ ಬೇಸಿಗೆಯಲ್ಲಿ ಆಕಾಶಕ್ಕೇರಿದ ಎಷ್ಟೋ ಬ್ರಿಟಿಷ್ ಹುಡುಗರು ಶತ್ರುವಿಮಾನವೊಂದನ್ನು ಕಣ್ಣಾರೆ ನೋಡಿಯೂ ಇರಲಿಲ್ಲ.

ಆದರೂ ಬ್ರಿಟಿಷ್ ಅಧಿಕಾರಿಗಳು ಇವರನ್ನು ಸೋತ ದೇಶದಿಂದ ಬಂದ, ಇಂಗ್ಲಿಷ್ ಬಾರದ ಮಂದಿಯೆಂದೇ ಮೊದಲು ಕಂಡರು. ಲಂಡನ್ನಿನ ಪಶ್ಚಿಮಕ್ಕಿರುವ ನಾರ್ತೋಲ್ಟ್ ನೆಲೆಯಲ್ಲಿ 1940ರ ಆಗಸ್ಟ್ 2ರಂದು ಪೋಲಿಷ್ ಪೈಲಟ್‌ಗಳ 303ನೆಯ ಸ್ಕ್ವಾಡ್ರನ್ (ವಿಮಾನದಳ) ರೂಪುಗೊಂಡಾಗ ಬ್ರಿಟಿಷ್ ಅಧಿಕಾರಿ ರೊನಾಲ್ಡ್ ಕೆಲೆಟ್ ಮತ್ತು ಪೋಲಿಷ್ ಅಧಿಕಾರಿ ಜ್ಡ್ಜಿಸ್ವಾಫ್ ಕ್ರಾಸ್ನೊದೆಂಬ್ಸ್ಕಿ ಜೊತೆಯಾಗಿ ಅದರ ಹೊಣೆ ಹೊತ್ತರು. ಇಂಗ್ಲಿಷ್ ನಡೆಯದ ಕಡೆ ಕೆಲೆಟ್ ಫ್ರೆಂಚಿನಲ್ಲಿ ಮಾತನಾಡಿ ಕೆಲಸ ಸಾಗಿಸುತ್ತಿದ್ದರು. ಕಲಿಯಬೇಕಾದದ್ದಕ್ಕಿಂತ ಮರೆಯಬೇಕಾದದ್ದು ಹೆಚ್ಚಿತ್ತು. ವೇಗ ಹೆಚ್ಚಿಸಲು ಹಿಂದಕ್ಕೆಳೆದು ರೂಢಿಯಾಗಿದ್ದ ಥ್ರಾಟಲನ್ನು ಹರಿಕೇನ್ ವಿಮಾನದಲ್ಲಿ ಮುಂದಕ್ಕೆ ತಳ್ಳಬೇಕಿತ್ತು. ಕಿಲೋಮೀಟರು, ಮೀಟರುಗಳ ಬದಲು ಮೈಲಿ, ಅಡಿಗಳಲ್ಲಿ ಲೆಕ್ಕ ಹಾಕಬೇಕಿತ್ತು. ಪಿ-11ರಲ್ಲಿ ಚಕ್ರಗಳು ಸದಾ ಹೊರಗೇ ಇರುತ್ತಿದ್ದುದರಿಂದ, ಇಳಿಯುವಾಗ ಚಕ್ರ ಬಿಡುವುದನ್ನೇ ಮರೆತು ಹೊಟ್ಟೆಯ ಮೇಲೆ ಜಾರಿದವರೂ ಇದ್ದರು. ರೇಡಿಯೋದಲ್ಲಿ ಬರುವ ಇಂಗ್ಲಿಷ್ ಆದೇಶಗಳಿಗೆ ಕಿವಿ ಪಳಗಲೆಂದು ಹತ್ತಿರದ ಅಕ್ಸ್‌ಬ್ರಿಜ್‌ನಲ್ಲಿ ಅವರನ್ನು ರೇಡಿಯೋ, ದಿಕ್ಸೂಚಿ ಕಟ್ಟಿದ ಮೂರು ಚಕ್ರದ ಸೈಕಲ್ಲುಗಳ ಮೇಲೆ ಕೂರಿಸಿ ಮೈದಾನದಲ್ಲಿ ಸುತ್ತಿಸಲಾಯಿತು. ಯುದ್ಧ ಮಾಡಿ ಬಂದ ಪೈಲಟ್‌ಗಳಿಗೆ ಅದೆಷ್ಟು ಕಷ್ಟವೆನಿಸಿರಬೇಕೆಂದು ಊಹಿಸಬಹುದು. ಆದರೆ ಆ ಅಭ್ಯಾಸ ಬೇಕಾಗಿಯೇ ಇತ್ತು.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ದ್ವೇಷವಿರಲಿಲ್ಲವೆಂದು ಯಾರೂ ಹೇಳಲಾರರು, ಏಕೆಂದರೆ ಅವರ ಮನೆಮಂದಿ ಶತ್ರುವಿನ ಕೈಕೆಳಗೆ ಉಳಿದಿದ್ದರು. ಆದರೆ ಅವರ ಯಶಸ್ಸನ್ನು ಬರೀ ದ್ವೇಷದಿಂದ, ಹುಚ್ಚು ಧೈರ್ಯದಿಂದ ವಿವರಿಸುವುದು ಅವರ ವಿದ್ಯೆಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಪಿ-11 ವಿಮಾನಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಎರಡೇ ಮಷಿನ್‌ಗನ್; ಅಷ್ಟರಿಂದ ಬಾಂಬರ್ ಒಂದನ್ನು ಉರುಳಿಸಬೇಕಾದರೆ ತೀರಾ ಹತ್ತಿರ ಹೋಗಲೇಬೇಕಿತ್ತು. ಹಾಗೆ ಪಳಗಿದ ಕೈಗೆ ಎಂಟು ಮಷಿನ್‌ಗನ್‌ಗಳ ಹರಿಕೇನ್ ಸಿಕ್ಕಾಗಲೂ ಅವರು ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಬ್ರಿಟಿಷ್ ಪೈಲಟ್‌ಗಳು ಹಲವು ನೂರು ಗಜಗಳ ದೂರದಿಂದಲೇ ಗುಂಡು ಹಾರಿಸಲು ತೊಡಗುತ್ತಿದ್ದರೆ, ಇವರು ನೂರು ಗಜ ಅಥವಾ ಅದಕ್ಕಿಂತ ಸಮೀಪ ಬರುವವರೆಗೆ ಕಾಯುತ್ತಿದ್ದರು. ಇನ್ನೊಂದು ಸಂಗತಿ ಕಣ್ಣಿನ ಪಳಗಿಕೆ. ಬ್ರಿಟನ್ನಿನಲ್ಲಿ ಶತ್ರು ಎಲ್ಲಿದ್ದಾನೆಂದು ರೇಡಾರ್ ಹೇಳುತ್ತಿತ್ತು. ಪೋಲೆಂಡಿನಲ್ಲಿ ರೇಡಾರ್ ಇರಲಿಲ್ಲವಾದ್ದರಿಂದ ಅಲ್ಲಿಯ ಪೈಲಟ್ ಆಕಾಶವನ್ನು ತಾನೇ ಎಡೆಬಿಡದೆ ಹುಡುಕುವುದನ್ನು ಕಲಿತಿದ್ದ. ಬ್ರಿಟಿಷರು ಮೂರು ಮೂರು ವಿಮಾನಗಳ ಬಿಗಿಯಾದ ಕೂಟಗಳಲ್ಲಿ ಹಾರುತ್ತಿದ್ದರು. ಅದರಲ್ಲಿ ಅಕ್ಕಪಕ್ಕದ ಇಬ್ಬರು ಮುಂದಾಳಿನ ರೆಕ್ಕೆಗೆ ತಾಗದಂತೆ ನೋಡಿಕೊಳ್ಳುವುದರಲ್ಲೇ ಮುಳುಗಿರುತ್ತಿದ್ದರು. ಪೋಲಿಷ್ ಪೈಲಟ್‌ಗಳಿಗೆ ಅದು ಸರಿಬೀಳಲಿಲ್ಲ.

ಆಗಸ್ಟ್ 30ರ ಘಟನೆ ಇದಕ್ಕೆ ಒಳ್ಳೆಯ ನಿದರ್ಶನ. ಆ ದಿನ 303 ಇನ್ನೂ ತರಬೇತಿಯಲ್ಲೇ ಇತ್ತು. ಬ್ರಿಟಿಷ್ ಬಾಂಬರ್‌ಗಳನ್ನು ಎದುರಿಸುವ ಅಭ್ಯಾಸಕ್ಕೆಂದು ಕೆಲೆಟ್ ನೇತೃತ್ವದಲ್ಲಿ ಹಾರುತ್ತಿದ್ದಾಗ ಲುದ್ವಿಕ್ ಪಾಷ್ಕೆವಿಚ್ ಎಂಬ ಅಧಿಕಾರಿ ದೂರದಲ್ಲಿ ಜರ್ಮನ್ ವಿಮಾನಗಳನ್ನು ಕಂಡು ರೇಡಿಯೋದಲ್ಲಿ ತಿಳಿಸಿದರು. ಉತ್ತರ ಬಾರದಿದ್ದಾಗ ಸಾಲು ಬಿಟ್ಟು ಹೋಗಿ ಒಂದನ್ನು ಕೆಡವಿದರು. ಶಿಸ್ತು ಮುರಿದದ್ದಕ್ಕೆ ಬೈಗುಳವೂ ಗೆಲುವಿಗೆ ಅಭಿನಂದನೆಯೂ ಒಟ್ಟಿಗೇ ಸಿಕ್ಕವು, ಮರುದಿನವೇ ಸ್ಕ್ವಾಡ್ರನ್ ಯುದ್ಧಕ್ಕಿಳಿಯಿತು. ಅಲ್ಲಿಂದ ಮುಂದಿನ ಸುಮಾರು ಆರು ವಾರಗಳಲ್ಲಿ 303 ಕೆಡವಿತೆಂದು ದಾಖಲಾದ ವಿಮಾನಗಳು 126. 1940ರಲ್ಲಿ ಜರ್ಮನ್ ವಾಯುಪಡೆಯ ವಿರುದ್ಧ ಬ್ರಿಟನ್ನಿನ ಆಕಾಶದಲ್ಲಿ ನಡೆದ ಈ ‘ಬ್ರಿಟನ್ ಕದನ’ದಲ್ಲಿ ಬೇರಾವ ಸ್ಕ್ವಾಡ್ರನ್ನಿಗೂ ಅಷ್ಟು ಲೆಕ್ಕ ಸಂದಿಲ್ಲ. ಜರ್ಮನ್ ದಾಖಲೆಗಳೊಂದಿಗೆ ತಾಳೆ ನೋಡಿದಾಗ ಈ ಸಂಖ್ಯೆ ಸಾಕಷ್ಟು ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಆ ಗಡಿಬಿಡಿಯಲ್ಲಿ ಎಲ್ಲ ಸ್ಕ್ವಾಡ್ರನ್‌ಗಳ ಲೆಕ್ಕವೂ ಹೀಗೆಯೇ ಉಬ್ಬಿತ್ತು. ತಿದ್ದಿದ ಲೆಕ್ಕದಲ್ಲೂ 303 ಮುಂಚೂಣಿಯಲ್ಲೇ ಉಳಿಯುತ್ತದೆ.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಕ್ರಾಸ್ನೊದೆಂಬ್ಸ್ಕಿ ಸೆಪ್ಟೆಂಬರ್ 6ರಂದು ಉರಿಯುವ ವಿಮಾನದಿಂದ ಜಿಗಿದು ತೀವ್ರ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಪಾಷ್ಕೆವಿಚ್ ಸೆಪ್ಟೆಂಬರ್ 27ರಂದು ಹತರಾದರು. ಆ ಕದನದಲ್ಲಿ ಹಾರಿದ ಪೋಲಿಷ್ ಪೈಲಟ್‌ಗಳು ಒಟ್ಟು 145 ಮಂದಿ. ಬ್ರಿಟಿಷರನ್ನು ಬಿಟ್ಟರೆ ಅವರದೇ ಅತಿ ದೊಡ್ಡ ಗುಂಪು. ಪೋಲಿಷ್ ಸ್ಕ್ವಾಡ್ರನ್‌ಗಳಾದ 302 ಮತ್ತು 303ರಲ್ಲಿ ಇದ್ದವರಷ್ಟೇ ಅಲ್ಲದೆ ಅನೇಕರು ಬ್ರಿಟಿಷ್ ಸ್ಕ್ವಾಡ್ರನ್‌ಗಳಲ್ಲಿ ಹಂಚಿಹೋಗಿದ್ದರು.

ಪ್ರಶ್ನೆ: 303ರ ಅತ್ಯಂತ ಯಶಸ್ವಿ ಪೈಲಟ್ ಪೋಲೆಂಡಿನವನೇ ಅಲ್ಲವೆಂಬುದು ನಿಜವೇ? (ಶಿವಮೊಗ್ಗದ ಓದುಗರು)

ಉತ್ತರ: ನಿಜ. 17 ವಿಮಾನಗಳನ್ನು ಕೆಡವಿದ ಲೆಕ್ಕವಿರುವ ಯೋಸೆಫ್ ಫ್ರಾಂಟಿಶೆಕ್ ಜೆಕ್ ದೇಶದವರು. ತಮ್ಮ ದೇಶ ಜರ್ಮನಿಯ ವಶವಾದ ಮೇಲೆ ಪೋಲೆಂಡಿಗೆ ಹೋಗಿ ಅಲ್ಲಿಯ ಪಡೆ ಸೇರಿದ್ದ ಅವರು, ಪೋಲಿಷ್ ಗೆಳೆಯರನ್ನು ಬಿಟ್ಟು ಜೆಕ್ ಸ್ಕ್ವಾಡ್ರನ್ನಿಗೆ ಹೋಗಲಿಲ್ಲ. 1940ರ ಅಕ್ಟೋಬರ್ 8ರಂದು ಸರ್ರೆಯ ಯೂವೆಲ್ ಬಳಿ ಅವರ ವಿಮಾನ ನೆಲಕ್ಕಪ್ಪಳಿಸಿತು.

ಪ್ರಶ್ನೆ: 1946ರ ಲಂಡನ್ ವಿಜಯೋತ್ಸವದ ಮೆರವಣಿಗೆಯಲ್ಲಿ ಈ ಪೈಲಟ್‌ಗಳಿಗೆ ಪ್ರವೇಶ ನಿರಾಕರಿಸಲಾಯಿತೇ? ಆಮೇಲೆ ಅವರು ಎಲ್ಲಿಗೆ ಹೋದರು? (ಮೈಸೂರಿನ ಓದುಗರು)

ಉತ್ತರ: ‘ನಿರಾಕರಣೆ’ ಎಂಬ ಮಾತು ಪೂರ್ತಿ ಸರಿಯಲ್ಲ. ಜೂನ್ 8ರ ಆ ಮೆರವಣಿಗೆಗೆ ಬ್ರಿಟನ್ ಅಧಿಕೃತವಾಗಿ ಆಹ್ವಾನಿಸಿದ್ದು ವಾರ್ಸಾದ ಕಮ್ಯುನಿಸ್ಟ್ ಸರ್ಕಾರವನ್ನು. ಅದು ಯಾರನ್ನೂ ಕಳುಹಿಸಲಿಲ್ಲ. ಬ್ರಿಟಿಷರ ಜೊತೆಗೂಡಿ ಹೋರಾಡಿದ ಪೋಲಿಷರ ಪೈಕಿ 25 ಪೈಲಟ್‌ಗಳಿಗೆ ಮಾತ್ರ ಕರೆ ಬಂತು. ಭೂಸೇನೆ, ನೌಕಾಪಡೆಗಳ ತಮ್ಮವರನ್ನು ಬಿಟ್ಟು ತಾವಷ್ಟೇ ನಡೆಯಲಾರೆವೆಂದು ಅವರು ಬರಲೊಪ್ಪಲಿಲ್ಲ. 1940ರ ಆಗಸ್ಟ್ 5ರ ಒಪ್ಪಂದದಂತೆ ಅವರು ಬ್ರಿಟನ್ನಿನ ಕೂಲಿ ಸೈನಿಕರಾಗಿರದೆ ಸ್ವತಂತ್ರ ರಾಷ್ಟ್ರವೊಂದರ ಪಡೆಯಾಗಿ ಹೋರಾಡಿದ್ದರೆಂಬುದನ್ನು ನೆನೆದರೆ ಆ ನಿರ್ಧಾರ ಅರ್ಥವಾಗುತ್ತದೆ.

ತಾಯ್ನಾಡಿಗೆ ಮರಳಿದವರ ಪಾಡಿಗೆ ಸ್ತಾನಿಸ್ವಾಫ್ ಸ್ಕಾಲ್ಸ್ಕಿ ಅವರ ಕಥೆಯೊಂದೇ ಸಾಕು. ಪೋಲೆಂಡಿನ ಅಗ್ರಗಣ್ಯ ಫೈಟರ್ ಪೈಲಟ್ ಆಗಿದ್ದ ಅವರು 1947ರಲ್ಲಿ ಹಿಂದಿರುಗಿದರು. ಮರುವರ್ಷ ಗೂಢಚಾರಿಕೆಯ ಸುಳ್ಳು ಆರೋಪದ ಮೇಲೆ ಬಂಧನಕ್ಕೊಳಗಾಗಿ, 1950ರಲ್ಲಿ ಮರಣದಂಡನೆಗೆ ಗುರಿಯಾದರು. ಅದು ಜೀವಾವಧಿಗೆ ಇಳಿದು, 1956ರಲ್ಲಿ ಬಿಡುಗಡೆಯಾಯಿತು. ಮರಳದೆ ಉಳಿದವರಿಗಾಗಿ ಬ್ರಿಟನ್ 1947ರಲ್ಲಿ ಪುನರ್ವಸತಿ ಕಾಯ್ದೆ ತಂದಿತು, ಆದರೆ ಹಿಂದಿನ ಹುದ್ದೆಗೆ ತಕ್ಕ ಕೆಲಸ ಸಿಕ್ಕವರು ಕಡಿಮೆ. ಎರಡು ಸ್ಕ್ವಾಡ್ರನ್‌ಗಳನ್ನು ಮುನ್ನಡೆಸಿದ್ದ ಫ್ರಾಂಚಿಷೆಕ್ ಕೊರ್ನಿಟ್ಸ್ಕಿ ಹೋಟೆಲಿನಲ್ಲಿ ದುಡಿದು, ಮುಂದೆ ಅದೇ ಬ್ರಿಟಿಷ್ ವಾಯುಪಡೆಯ ಊಟೋಪಚಾರದ ವಿಭಾಗಕ್ಕೆ ಸೇರಿದರು. 2017ರಲ್ಲಿ, ಅವರಿಗೆ ನೂರು ವರ್ಷವಾಗಿದ್ದಾಗ, ಸ್ಪಿಟ್‌ಫೈರ್ ವಿಮಾನದ ಪಕ್ಕದಲ್ಲಿ ಯಾವ ಪೈಲಟ್ಟನ ಪ್ರತಿಕೃತಿ ಇರಬೇಕೆಂದು ವಾಯುಪಡೆಯ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕಾಗಿ ಸಾರ್ವಜನಿಕರ ಮತ ಕೇಳಲಾಯಿತು. ಭಾರಿ ಅಂತರದಿಂದ ಗೆದ್ದವರು ಕೊರ್ನಿಟ್ಸ್ಕಿ. ಅದೇ ನವೆಂಬರಿನಲ್ಲಿ ಅವರು ತೀರಿಕೊಂಡರು.